ಮಿತ್ಸುಯೊ ಅಮ್ಮನ ಅಂಗಡಿಯ ಜಿಡ್ಡು

ಇಷಿಗಾಮಿ ಯೋಸುಕೆಗೆ ಹೊಸದು ಅಂದರೆ ಆಗುತ್ತಿರಲಿಲ್ಲ. ಶಿಜುವೊಕಾದ ಪ್ಲಾಸ್ಟಿಕ್ ಮಾದರಿ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಫಳಫಳ ಹೊಳೆಯುವ ಬಿಡಿಭಾಗಗಳನ್ನು ಅಚ್ಚಿನಿಂದ ತೆಗೆದು ತೆಗೆದು ಸಾಕಾಗಿತ್ತೋ ಏನೋ, ನಿವೃತ್ತನಾದ ಮೇಲೆ ಪುಟ್ಟ ಪುಟ್ಟ ಮಾದರಿಗಳನ್ನು ಜೋಡಿಸಿ ಅವಕ್ಕೆಲ್ಲ ತುಕ್ಕು ಹಿಡಿಸುವುದೇ ಅವನ ಕಸುಬಾಯಿತು. ಬೆರಳುದ್ದದ ಸೈಕಲ್ಲಿಗೆ ಸ್ಪಂಜಿನ ಚೂರಿನಿಂದ ಕಂದು ಬಣ್ಣ ಒತ್ತಿ ತುಕ್ಕು, ಬಿಯರ್ ಕ್ರೇಟಿಗೆ ಸೀಮೆಸುಣ್ಣದ ಪುಡಿ ಉದುರಿಸಿ ಧೂಳು, ಬಕೆಟ್ಟಿನ ಅಂಚಿಗೆ ಪಾಚಿ! ಹೆಂಡತಿ ರಿಯೆ ಮೂಗು ಮುರಿಯುತ್ತಿದ್ದಳು: "ಮನೆ ಕಿಟಕಿ ಒರೆಸ್ರೀ ಅಂದ್ರೆ ಕೈ ಬರಲ್ಲ, ಗೊಂಬೆ ಮನೆಗೆ ಕೊಳೆ ಬಳಿಯೋಕೆ ದಿನವೆಲ್ಲ ಬೇಕು!"

ಆ ಚಳಿಗಾಲ ಅವನು ಮಾಡಿದ್ದು ಮಿತ್ಸುಯೊ ಅಮ್ಮನ ಓದೆನ್ ಅಂಗಡಿಯ ಪುಟ್ಟ ಮಾದರಿ. ಕಪ್ಪು ಸಾರಿನಲ್ಲಿ ಕುದಿಯುವ ಮೂಲಂಗಿ, ಮೊಟ್ಟೆ, ಮೀನಿನ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೊಡುವ ಆ ವಿಧವೆಯ ಅಂಗಡಿಗೆ ಮಧ್ಯಾಹ್ನ ಹೋಗದಿದ್ದರೆ ಅವನಿಗೆ ಹೊಟ್ಟೆ ತುಂಬಿದ ಹಾಗೇ ಆಗುತ್ತಿರಲಿಲ್ಲ. ಫ್ಯಾನಿನ ಕೆಳಗಿನ ಮಸಿ, ಬೋರ್ಡಿನ ಮೊಳೆಯಿಂದ ಇಳಿದ ತುಕ್ಕು, ಗಿರಾಕಿಗಳು ಕೈ ಒರೆಸಿ ಒರೆಸಿ ಕಪ್ಪಾದ ಬಾಗಿಲ ಪರದೆ, ಮಾದರಿಯಲ್ಲಿ ಯಾವುದನ್ನೂ ಬಿಡಲಿಲ್ಲ. ಪರದೆ ಕೊಳೆಯಾದಷ್ಟೂ ಗಿರಾಕಿ ಹೆಚ್ಚು, ಅಂಗಡಿಗೆ ಮರ್ಯಾದೆ ಅಂತ ಅಲ್ಲಿಯ ಹಳಬರು ನಂಬಿದ್ದರಲ್ಲ, ಇವನೂ ಹಾಗೇ ನಂಬಿದ್ದ. ಅಷ್ಟೂ ಪ್ರೀತಿಯಿಂದ ಬಳಿದದ್ದೇ.

"ಭಾನುವಾರ ನಮ್ಮ ಮಾದರಿ ಮಾಡೋರ ಸಂಘದ ಪ್ರದರ್ಶನಕ್ಕೆ ಬನ್ನಿ ಅಮ್ಮ. ನಿಮಗೊಂದು ಚಮತ್ಕಾರ ತೋರಿಸ್ತೀನಿ," ಅಂದ.

ಪಾಪ, ಆಕೆ ಅಂಗಡಿ ಮುಚ್ಚಿ, ಒಳ್ಳೆಯ ಕಿಮೊನೊ ಉಟ್ಟು, ಸಿಹಿಯ ಡಬ್ಬಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಅಷ್ಟರಲ್ಲಿ ಸಂಘದ ಅಧ್ಯಕ್ಷ ಕುನುಗಿ ಇಷಿಗಾಮಿಯ ಮಾದರಿಯ ಮೇಲೆ ಟಾರ್ಚು ಬಿಟ್ಟು ಎಲ್ಲರನ್ನೂ ಕರೆಯುತ್ತಿದ್ದ.

"ಅಬ್ಬಬ್ಬಾ, ಈ ಜಿಡ್ಡು ನೋಡ್ರಪ್ಪಾ! ಇಲ್ಲಿ ತಿಂದೋನು ಬದುಕಿ ಮನೆಗೆ ಹೋಗಿದ್ದಾನಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷಿಗಾಮಿಯೂ ನಕ್ಕ. ನಗುತ್ತಲೇ ತಿರುಗಿದ, ಹಿಂದೆ ಮಿತ್ಸುಯೊ ನಿಂತಿದ್ದಳು.

"ಇವರು ಯಾರು?" ಕುನುಗಿ ಕೇಳಿದ.

ಹೇಳಬಹುದಿತ್ತಲ್ಲ ಮಹರಾಯ! ಇವರದೇ ಅಂಗಡಿ, ಇಂಥ ರುಚಿ ಊರಲ್ಲೇ ಇಲ್ಲ ಅಂತ.

"ಪರಿಚಯದವರು," ಅಂದುಬಿಟ್ಟ.

"ಬನ್ನಿ ಅಜ್ಜಿ, ಹತ್ತಿರದಿಂದ ನೋಡಿ," ಅಂತ ಕುನುಗಿ ಭೂತಗನ್ನಡಿ ಕೊಟ್ಟ. ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು. ಬೋರ್ಡಿನ ಮೇಲೆ ತನ್ನದೇ ಹೆಸರು ಓದಿದಳು. ಡಬ್ಬಿಯನ್ನು ಇಷಿಗಾಮಿಯ ಕೈಗಿಟ್ಟು, "ತುಂಬ ಚೆನ್ನಾಗಿ ಮಾಡಿದ್ದೀರಿ," ಅಂತ ನಮಸ್ಕರಿಸಿ ಹೋದಳು. ಮೊದಲ ಬಹುಮಾನ ಅವನಿಗೇ ಬಂತು. ಚಪ್ಪಾಳೆಯ ನಡುವೆ ನಿಂತವನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಆಕೆಯ ಹಿಂದೆ ಓಡಿ ಹೋಗಲಿಲ್ಲ, ಅದೂ ಆಗಲಿಲ್ಲ ಅವನ ಕೈಲಿ.

ಮರುದಿನ ಅಂಗಡಿಯಲ್ಲಿ ಸಾರಿನ ಘಮ ಇರಲಿಲ್ಲ, ಬ್ಲೀಚಿಂಗ್ ಪುಡಿಯ ಘಾಟು. ಮಿತ್ಸುಯೊ ಸ್ಟೂಲು ಹತ್ತಿ ಒಲೆಯ ಹಿಂದಿನ ಗೋಡೆ ಉಜ್ಜುತ್ತಿದ್ದಳು. ಬಾಗಿಲಿಗೆ ಹೊಸ ಪರದೆ ಬಿದ್ದಿತ್ತು.

ಅವನು ಸೊಂಟದವರೆಗೆ ಬಾಗಿದ. "ನಿನ್ನೆ ನಾನು... ನನ್ನದು ತಪ್ಪಾಯ್ತು ಅಮ್ಮ."

"ಅಯ್ಯೋ, ನಿಮ್ಮದೇನು ತಪ್ಪು? ಇದ್ದದ್ದನ್ನೇ ಮಾಡಿದಿರಿ. ನನಗೆ ಕಣ್ಣು ಮಂಜಾಗಿ ಎಷ್ಟೋ ಕಾಲ ಆಯ್ತು ಇಷಿಗಾಮಿ ಸಾನ್. ದಿನಾ ಒರೆಸ್ತೀನಿ, ಚೊಕ್ಕಟವಾಗೇ ಇದೆ ಅಂದ್ಕೊಂಡಿದ್ದೆ. ಒಬ್ಬರಾದ್ರೂ ಹೇಳ್ಬಾರ್ದಿತ್ತಾ?" ಆಕೆಯ ಮುಖ ಕೆಂಪಾಗಿತ್ತು. "ಇಷ್ಟು ದಿನ ನಿಮಗೆಲ್ಲ ಇಂಥದ್ರಲ್ಲಿ ಬಡಿಸಿದೆನಲ್ಲ, ನಾಚಿಕೆಗೇಡು."

ಅವನು, ಬಟ್ಟೆ ಕೊಡಿ, ನಾನು ಉಜ್ಜುತ್ತೇನೆ ಅಂತ ಕೈಚಾಚಿದ. ಆಕೆ ಕೊಡಲಿಲ್ಲ.

"ಬೇಡ, ಅಂಗಡಿ ನಂದು. ನಿಮ್ಮ ಕಣ್ಣು ಚುರುಕು, ಅಷ್ಟು ಸಾಕು. ನೋಡಿ ಹೇಳಿ, ಎಲ್ಲಿ ಉಳಿದಿದೆ?"

ಎಲ್ಲೂ ಉಳಿದಿಲ್ಲ ಅನ್ನಲು ಬಾಯಿ ತೆರೆದ. ಆಕೆ ಗೋಡೆಗೆ ಕೈಯಿಟ್ಟು ಕಾಯುತ್ತಿದ್ದಳು.

"ಸ್ವಲ್ಪ ಎಡಕ್ಕೆ, ಅಮ್ಮ," ಅಂದ.