ದೆಹಲಿ ಗಾಡಿಯಲ್ಲಿ ಕಡಬದಿಂದ ಸುಳ್ಯಕ್ಕೆ

ಕಡಬದಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಹೋಗಬೇಕಾದದ್ದು ಅರಂತೋಡಿಗೆ, ನನ್ನ ಹೆಂಡತಿ ಲೀಲಮ್ಮನ ಗೆಳತಿಯ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ. ಪಂಜ, ಬೆಳ್ಳಾರೆ, ಸುಳ್ಯದ ದಾರಿ. ಐವತ್ತು ಕಿಲೋಮೀಟರಿನ ಆಸುಪಾಸು. ಕಾರು ಓಡಿಸುತ್ತಿದ್ದವನು ಲೀಲಮ್ಮನ ತಮ್ಮ ತಂಗಚ್ಚನ್. ನಾನು ಶಾಲೆಯಿಂದ ನಿವೃತ್ತನಾಗಿ ಆರು ವರ್ಷವಾದರೂ ಅವನಿಗೆ ನಾನು ಈಗಲೂ ಮಾಷ್. ನಮ್ಮ ಮನೆಮಾತು ಮಲಯಾಳ. ಆದರೆ ಜಗಳ ಬಂದಾಗ, ಹೆದರಿಕೆಯಾದಾಗ ಅದು ಹೇಗೋ ಕನ್ನಡವೇ ಬಾಯಿಗೆ ಬರುತ್ತದೆ. ಆ ದಿನ ಹೆಚ್ಚಾಗಿ ಕನ್ನಡವನ್ನೇ ಮಾತಾಡಿದೆವು.

ಕಾರಿನ ವಿಷಯ ಹೇಳಬೇಕು. ಕಳೆದ ಮಳೆಗಾಲದಲ್ಲಿ ಲೀಲಮ್ಮನಿಗೆ ಉಬ್ಬಸ ಏರಿದಾಗ ಪುತ್ತೂರಿಗೆ ಕರೆದೊಯ್ಯಲು ಗಾಡಿ ಸಿಗದೆ ಒಂದೂವರೆ ಗಂಟೆ ಅಂಗಳದಲ್ಲಿ ಕಾದಿದ್ದೆವು. ಇನ್ನು ಅಕ್ಕನಿಗೆ ಹಾಗಾಗಬಾರದೆಂದು ತಂಗಚ್ಚನ್ ಹಟ ಹಿಡಿದು ಈ ಡೀಸೆಲ್ ಕಾರು ತಂದ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯಬಾರದೆಂದು ನಿಯಮವಾದ ಮೇಲೆ ಅಲ್ಲಿಯವರು ಸಿಕ್ಕ ಬೆಲೆಗೆ ಮಾರುತ್ತಾರಂತೆ. ಆ ಸುದ್ದಿಯನ್ನು ಪೇಪರಿನಲ್ಲಿ ಓದಿ ಮೆಚ್ಚಿದವನು ನಾನೇ. ಅಲ್ಲಿಯ ಉಬ್ಬಸದವರು ಇನ್ನಾದರೂ ಸರಿಯಾಗಿ ಉಸಿರಾಡಲಿ ಅಂದುಕೊಂಡಿದ್ದೆ. ಅಲ್ಲಿಂದ ಹೊರಬಿದ್ದ ಗಾಡಿಗಳು ಎಲ್ಲಿಗೆ ಹೋಗುತ್ತವೆಂದು ನಾನು ಯೋಚಿಸಿರಲಿಲ್ಲ.

ಪಂಜದಲ್ಲಿ ಚಹಾ ಕುಡಿದು ಬನ್ಸ್ ತಿಂದೆವು. ಜಿಟಿಜಿಟಿ ಮಳೆ ಇದ್ದದ್ದರಿಂದ ತಂಗಚ್ಚನ್ ಗಾಜು ಏರಿಸಿ ಎಸಿ ಹಾಕಿದ್ದ. ಡಿಕ್ಕಿಯಲ್ಲಿ ಎರಡು ಕಟ್ಟು ರಬ್ಬರ್ ಶೀಟ್, ಸುಳ್ಯದ ಅಂಗಡಿಗೆ ಕೊಡಲಿಕ್ಕೆ. ನಿಂತಿಕಲ್ಲಿನ ಹತ್ತಿರ ಲೀಲಮ್ಮ ಕೆಮ್ಮಿದಳು.

"ಹೊಗೆ ವಾಸನೆ ಬರ್ತಾ ಉಂಟಲ್ಲ," ಎಂದಳು.

"ಶೀಟಿದ್ದು ಚೇಚಿ, ಮತ್ತೆಂತದ್ದು?" ಎಂದ ತಂಗಚ್ಚನ್ ಅಕ್ಕನಿಗೆ.

ನಾನೂ ಹೌದೆಂದೆ. ಶೀಟನ್ನು ಹೊಗೆಯಲ್ಲಿ ಒಣಗಿಸುವ ಮನೆಯವರು ನಾವು. ನಮ್ಮ ಬಟ್ಟೆ, ಹಾಸಿಗೆ, ಪುಸ್ತಕಕ್ಕೂ ಅದೇ ವಾಸನೆ. ಬೇರೆ ಯಾರೇ ಆಗಿದ್ದರೂ ಆಗಲೇ ಗಾಡಿ ನಿಲ್ಲಿಸುತ್ತಿದ್ದರು. ನಾವು ನಿಲ್ಲಿಸಲಿಲ್ಲ.

ಬೆಳ್ಳಾರೆ ದಾಟಿ ಸುಮಾರು ದೂರ ಬಂದಿದ್ದೆವು. ಲೀಲಮ್ಮ ಉಬ್ಬಸದ ಪಂಪನ್ನು ಬಾಯಿಗಿಟ್ಟು ಎರಡು ಸಲ ಎಳೆದುಕೊಂಡಳು. ಮೂರನೆಯ ಸಲ ಎಳೆದರೂ ಪ್ರಯೋಜನವಾಗಲಿಲ್ಲ. ತುಟಿ ನೀಲಿಗಟ್ಟಿತ್ತು. ಗಾಡಿ ನಿಲ್ಲಿಸಿ, ಶೀಟಿನ ಕಟ್ಟುಗಳನ್ನು ರಸ್ತೆ ಬದಿಗೆ ಎಸೆದು, ಮತ್ತೆ ಹೊರಟೆವು. ವಾಸನೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ನಾನು ಹಿಂದಿನ ಸೀಟಿನ ಮೇಲಿಂದ ಡಿಕ್ಕಿಯ ಕಡೆಗೆ ಬಗ್ಗಿ ನೋಡಿದೆ. ಖಾಲಿ ಡಿಕ್ಕಿಯ ಮ್ಯಾಟಿನ ಅಂಚಿನಿಂದ ಕಪ್ಪು ಹೊಗೆ ಮೇಲೇಳುತ್ತಿತ್ತು.

"ತಂಗಚ್ಚಾ, ಗಾಡಿದೇ ಹೊಗೆ," ಎಂದೆ.

ಅವನು ಬ್ರೇಕ್ ಹಾಕಿದ. ಇಳಿದು ನಿಂತೆವು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಆಗಬಹುದೆಂದರು. ದಾರಿಯಲ್ಲಿ ಒಂದು ರಿಕ್ಷಾವೂ ಇಲ್ಲ. ಲೀಲಮ್ಮನಿಗೆ ಒಂದು ಶಬ್ದ ಹೇಳಿ ಇನ್ನೊಂದು ಹೇಳಲು ಆಗುತ್ತಿರಲಿಲ್ಲ. ಅವಳನ್ನು ಉಸಿರುಗಟ್ಟಿಸಿದ ಗಾಡಿಯೊಳಗೇ ಅವಳನ್ನು ಮತ್ತೆ ಕೂರಿಸಬೇಕಾಯಿತು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ನಾಲ್ಕೂ ಗಾಜು ಇಳಿಸಿದೆವು. ಅವಳು ಮುಂದಿನ ಸೀಟಿನಲ್ಲಿ ತಲೆ ಹೊರಗೆ ಹಾಕಿ ಕೂತಳು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ನಾನು ಹಿಂದಿನಿಂದ ಅವಳ ಭುಜ ಹಿಡಿದುಕೊಂಡು ಉಸಿರು ಎಣಿಸುತ್ತಿದ್ದೆ. ನಡುವೆ ಒಮ್ಮೆ ಎಣಿಕೆ ತಪ್ಪಿತು. ತಪ್ಪಿದ್ದು ನನ್ನದೋ ಅವಳದೋ ತಿಳಿಯದೆ ಜೋರಾಗಿ ಕೂಗಿಬಿಟ್ಟೆ. ಅವಳು ಕೈ ಎತ್ತಿ ಸುಮ್ಮನಿರಿ ಎಂಬಂತೆ ತೋರಿಸಿದಳು.

ಸುಳ್ಯದ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು, ಆಮೇಲೆ ಆಕ್ಸಿಜನ್. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಒಂದು ಇಡೀ ವಾಕ್ಯ ಹೇಳಿದಳು: "ಒಕ್ಕಲಿನ ಊಟ ತಪ್ಪಿತಲ್ಲ." ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ.

ಅಷ್ಟರಲ್ಲಿ ತಂಗಚ್ಚನ್ ಗ್ಯಾರೇಜಿಗೆ ಹೋಗಿ ಬಂದಿದ್ದ. ಸೈಲೆನ್ಸರ್ ಪೈಪು ತುಕ್ಕು ಹಿಡಿದು ಹರಿದಿತ್ತು, ಡಿಕ್ಕಿಯ ತಳದಲ್ಲಿ ತೂತು. ವೆಲ್ಡಿಂಗ್ ಮಾಡಿದರೂ ಎಂಜಿನ್ನೇ ಸವೆದಿರುವುದರಿಂದ ಕಪ್ಪು ಹೊಗೆ ನಿಲ್ಲುವುದಿಲ್ಲವೆಂದರಂತೆ. ಅವನು ಅಕ್ಕನ ಮುಖ ನೋಡಲಿಲ್ಲ.

"ಹೊಗೆ ಸರ್ಟಿಫಿಕೇಟ್ ಕೂಡ ಉಂಟು ಮಾಷೆ," ಎಂದ ನನ್ನೊಡನೆ. "ಮಾರಿಬಿಡ್ತೇನೆ. ಪುತ್ತೂರು ಹತ್ತಿರದ ಸವಣೂರಿನವರೊಬ್ಬರು ಗಾಡಿ ತಂದಾಗಲೇ ಕೇಳಿದ್ರು. ಈಗ ಫೋನ್ ಮಾಡಿದೆ, ನಾಳೆ ಬಂದು ತಕೊಂಡು ಹೋಗ್ತಾರೆ."

ಆಗ ನನಗೆ ಸಮಾಧಾನವೇ ಆಯಿತು. ಪೀಡೆ ತೊಲಗಿತೆಂದು ಬಾಯಿಬಿಟ್ಟು ಹೇಳಿದೆ ಕೂಡ.

ತಂಗಚ್ಚನ್ ಗಾಡಿಯ ಜೊತೆ ಸುಳ್ಯದಲ್ಲೇ ಉಳಿದ; ನಾವಿಬ್ಬರು ಆ ಸಂಜೆ ಹಿಂದಿರುಗಿದ್ದು ಬಸ್ಸಿನಲ್ಲಿ. ಪುತ್ತೂರು ನಿಲ್ದಾಣದಲ್ಲಿ ಕಡಬದ ಬಸ್ಸಿಗೆ ಅರ್ಧ ಗಂಟೆ ಕಾದೆವು. ಎಷ್ಟೋ ವರ್ಷದಿಂದ ಹತ್ತಿಳಿದ ಜಾಗ. ಅಲ್ಲಿ ನಿಂತಲ್ಲೇ ಗುರುಗುಟ್ಟುತ್ತ ಹೊಗೆ ಬಿಡುವ ಬಸ್ಸುಗಳನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಆ ದಿನ ಒಂದೊಂದು ಬಸ್ಸು ರಿವರ್ಸ್ ಬಂದಾಗಲೂ ಲೀಲಮ್ಮನನ್ನು ಎಳೆದುಕೊಂಡು ಕಂಬದಿಂದ ಕಂಬಕ್ಕೆ ಸರಿದೆ. ಕೊನೆಗೆ ಒಬ್ಬ ಕಂಡಕ್ಟರ್, "ಎಂತ ಮಾರಾಯ್ರೆ, ಯಾರನ್ನು ಹುಡುಕುದು?" ಎಂದು ಕೇಳಿದ.

ಬಸ್ಸು ಹೊರಟ ಮೇಲೆ ಕಾರು ಸವಣೂರಿಗೆ ಹೋಗುವ ವಿಷಯ ಲೀಲಮ್ಮನಿಗೆ ಹೇಳಿದೆ. ಸವಣೂರಿನಲ್ಲಿ ನಿಂತಾಗ ಕಿಟಕಿಯಿಂದ ಪೇಟೆಯ ಅಂಗಡಿಗಳನ್ನು, ಇಳಿದು ಹೋಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಕಾರು ತಕೊಳ್ಳುವವರ ಹೆಸರೆಂತ?"

ಗೊತ್ತಿಲ್ಲವೆಂದೆ.

"ಅವರ ಮನೆಯಲ್ಲಿ ಯಾರೆಲ್ಲ ಇದ್ದಾರೆ?"

ಅದೂ ಗೊತ್ತಿರಲಿಲ್ಲ.

"ತಂಗಚ್ಚನಿಗೆ ಫೋನ್ ಮಾಡಿ. ಅವರ ನಂಬರ್ ಕೊಡ್ಲಿಕ್ಕೆ ಹೇಳಿ. ನಾನೇ ಮಾತಾಡ್ತೇನೆ."

ಇಷ್ಟು ಹೇಳಲು ಅವಳು ನಡುವೆ ಎರಡು ಸಲ ನಿಲ್ಲಿಸಿದಳು. ನಾನು ಫೋನ್ ಮಾಡಿದೆ. ಬಸ್ಸು ಸವಣೂರಿನ ಕೊನೆಯ ಮನೆಗಳನ್ನು ದಾಟುವವರೆಗೂ ರಿಂಗ್ ಆಗುತ್ತಲೇ ಇತ್ತು. ತಂಗಚ್ಚನ್ ಎತ್ತಲಿಲ್ಲ.