ಪ್ಯಾರಿಸ್‌ನಲ್ಲಿ ಎಡಪಕ್ಷದವರು ಗೆದ್ದಾಗ ಇಟ್ಟ ತಟ್ಟೆ

ಡ್ಯೂಸೆಲ್ಡಾರ್ಫ್‌ನಲ್ಲಿ ನಮಗೆ ಮಹಡಿ ಬಾಡಿಗೆಗೆ ಕೊಟ್ಟಿದ್ದ ಅಜ್ಜಿಗೆ ಆಗ ಎಂಬತ್ತಾರು. ಚುನಾವಣೆಯ ಮಾತೆತ್ತಿದರೆ ಸಾಕು, ಉರಿದು ಬೀಳುತ್ತಿದ್ದರು. ಯಾವ ಚುನಾವಣೆ ಅಂದುಕೊಂಡಿರಿ? ಫ್ರಾನ್ಸಿನದು, ೧೯೨೪ರದು! ಆಗ ಈ ಊರು ಫ್ರೆಂಚ್ ಸೇನೆಯ ಕೈಯಲ್ಲಿತ್ತಂತೆ. ಸೇನೆಯ ರೈಲಿಗೆ ಸಿಗ್ನಲ್ ಕೊಡುವುದಿಲ್ಲ ಅಂದದ್ದಕ್ಕೆ ರೈಲ್ವೆಯಲ್ಲಿದ್ದ ಅವರ ಅಪ್ಪನನ್ನು ಜೈಲಿಗೆ ಹಾಕಿದ್ದರು. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಇಂಥವರನ್ನು ಜೈಲಿಗೆ ಹಾಕಿಸಿದ್ದ ಸರ್ಕಾರ ಸೋತು ಎಡಪಕ್ಷಗಳ ಒಕ್ಕೂಟ ಗೆದ್ದಿತು. ಇನ್ನೇನು, ಕೈದಿಗಳನ್ನೆಲ್ಲ ಬಿಟ್ಟುಬಿಡುತ್ತಾರೆ ಅಂತ ಬೀದಿಯಲ್ಲೆಲ್ಲ ಅದೇ ಮಾತು.

"ಸುದ್ದಿ ಬಂದ ಮಧ್ಯಾಹ್ನವೇ ಅಮ್ಮ ಊಟದ ಮೇಜಿನ ಮೇಲೆ ಅಪ್ಪನ ತಟ್ಟೆ ಇಟ್ಟಳು. ಆಮೇಲೆ ದಿನಾ ಇಟ್ಟಳು," ಅಂದರು ಅಜ್ಜಿ.

"ಅಪ್ಪ ಬಂದ್ರಾ, ಅಜ್ಜಿ?" ಅಂದಳು ನನ್ನ ಹೆಂಡತಿ. ಅಜ್ಜಿ ಕಾಫಿ ಬಗ್ಗಿಸಿಕೊಂಡರು.

ನನಗೋ ನನ್ನದೇ ತಲೆಬಿಸಿ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಐದು ವರ್ಷಕ್ಕೆ ಅಂತ ಮೈಸೂರಿನಲ್ಲಿ ಹಾರ ಹಾಕಿಸಿಕೊಂಡು ಬಂದವನು, ಎರಡನೇ ವರ್ಷಕ್ಕೇ ಕಂಪನಿ ಮುಚ್ಚಿ ಮನೆಯಲ್ಲಿ ಕೂತಿದ್ದೆ. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಹಾರ ಹಾಕಿದವರಿಗೆ ಯಾವ ಮುಖ ತೋರಿಸಲಿ? ಅಷ್ಟರಲ್ಲಿ ೨೦೦೨ರ ಸೆಪ್ಟೆಂಬರ್ ಚುನಾವಣೆ ಬಂತು. ಓಟು ನನಗೆಲ್ಲಿಯದು! ಆದರೂ ನಮ್ಮನ್ನು ಕರೆಸಿಕೊಂಡಿದ್ದ ಸರ್ಕಾರವೇ ಕೂದಲೆಳೆಯಲ್ಲಿ ಮತ್ತೆ ಗೆದ್ದಾಗ ಕುಣಿದಾಡಿದೆ. ಸೋಮವಾರ ಬೆಳಿಗ್ಗೆ ಮೈಸೂರ್‌ಪಾಕ್ ಮಾಡಿಸಿ, ಡಬ್ಬಿಗೆ ತುಂಬಿ, ಇಸ್ತ್ರಿ ಅಂಗಿ ತೊಟ್ಟೆ.

"ರೀ, ಅದೇನು ನಮ್ಮೂರ ಎಂಎಲ್‌ಎ ಮನೆ ಅನ್ಕೊಂಡ್ರಾ?" ಎಂದು ಹೆಂಡತಿ ನಕ್ಕಳು.

"ಸುಮ್ನಿರೆ. ಗೆದ್ದ ಖುಷೀಲಿ ಯಾರೂ ಇಲ್ಲ ಅನ್ನಲ್ಲ."

ವೀಸಾ ನೋಡಿಕೊಳ್ಳುವ ವಿದೇಶಿಯರ ಕಚೇರಿಯಲ್ಲಿದ್ದ ಹೆಂಗಸು ಡಬ್ಬಿಯನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು. ತಗೊಳ್ಳುವ ಹಾಗಿಲ್ಲವಂತೆ. "ನಿಮ್ಮವರು ಗೆದ್ದರಲ್ಲ?" ಅಂದೆ, ನನ್ನ ಹರುಕುಮುರುಕು ಜರ್ಮನ್‌ನಲ್ಲಿ. ಆಕೆಗೆ ಅರ್ಥವೇ ಆಗಲಿಲ್ಲ. ನನ್ನವರು ಅಂದರೆ ಯಾರು? ಶುಕ್ರವಾರ ಇದ್ದ ಕಾನೂನೇ ಇವತ್ತೂ ಇದೆ ಅಂದಳು. ಕೋಪವಿಲ್ಲ, ತಿರಸ್ಕಾರವಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು. ನಾಲ್ಕು ವಾರದೊಳಗೆ ದೇಶ ಬಿಡಬೇಕು ಅಂತ ಕಾಗದ ಕೊಟ್ಟಳು. ಥ್ಯಾಂಕ್ಸ್ ಹೇಳಿ ಡಬ್ಬಿ ಎತ್ತಿಕೊಂಡು ಬಂದೆ, ಪೆದ್ದನ ಹಾಗೆ.

ಮೇಲೆ ಹೋಗಿ ಹೆಂಡತಿಗೆ ಹೇಳಲು ಧೈರ್ಯ ಬರಲಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಕೂತೆ. ಅವರು ಕಾಗದ ಓದಿದರು, ಮೈಸೂರ್‌ಪಾಕ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಪ್ಯಾರಿಸ್‌ನವರು ಮೋಸ ಮಾಡಲಿಲ್ಲ ಗೊತ್ತಾ. ಕೈದಿಗಳನ್ನು ಬಿಟ್ಟರು, ಶರತ್ಕಾಲದಲ್ಲಿ. ಪಟ್ಟಿಯಲ್ಲಿ ಅಪ್ಪನ ಹೆಸರೂ ಇತ್ತು. ಆಗಸ್ಟ್‌ನಲ್ಲೇ ಜೈಲಿನಲ್ಲಿ ಜ್ವರ ಬಂದು ಸತ್ತವನನ್ನು ಮಣ್ಣು ಮಾಡಿ ಆಗಿತ್ತು."

ಅಯ್ಯೋ ಎಂದೆ, ಕನ್ನಡದಲ್ಲೇ.

"ಆಮೇಲೂ ಅಮ್ಮ ತಟ್ಟೆ ಇಡುತ್ತಿದ್ದಳು. ನಾನೇ ಒಂದು ದಿನ ಎತ್ತಿ ಕಪಾಟಿನೊಳಗೆ ಇಟ್ಟೆ. ನನಗೆ ಎಂಟು ವರ್ಷ."

ಹೊರಡುವ ದಿನ ಟ್ಯಾಕ್ಸಿ ಬಂತು. ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಹೋಗುತ್ತೇವೆ ಅನ್ನುವುದುಂಟೇ? ಅಭ್ಯಾಸಬಲದಿಂದ, "ಅಜ್ಜಿ, ಹೋಗಿ ಬರ್ತೀವಿ" ಅನ್ನುವುದನ್ನೇ ಪದಕ್ಕೆ ಪದ ಜರ್ಮನ್‌ನಲ್ಲಿ ಹೇಳಿಬಿಟ್ಟೆ.

ಅಜ್ಜಿ ನನ್ನ ತೋಳು ಹಿಡಿದುಕೊಂಡರು.

"ಯಾವಾಗ?" ಅಂದರು.