ಅಕ್ಕನವರ ದನಿಯಲ್ಲಿ ಉಣಿಸಿದ ಕೂಸು

ಮಂದಿಯ ದನಿ ಅಣಕಿಸುವ ನನ್ನ ಚಟ ಪರದೇಶಕ್ಕೆ ಹೋದರೂ ಬಿಡಲಿಲ್ಲ. ಪರದೇಶವೆಂದರೆ ಕೊಪ್ಪಳ. ಬ್ರಿಟಿಷರ ಗದಗಿನಲ್ಲಿ ರೈಲು ಹತ್ತಿ ನಿಜಾಮರ ರಾಜ್ಯದಲ್ಲಿಳಿದು, ಕಾಳಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಊಟ-ವಸತಿಗಾಗಿ ಕೂಸು ನೋಡಿಕೊಳ್ಳಲು ನಿಂತಿದ್ದೆ.

ಒಂದು ಮುಂಜಾನೆ ಕೂಸು ಹಾಲು-ರೊಟ್ಟಿ ಒಲ್ಲೆನೆಂದು ಬಾಯಿ ಬಿಗಿಹಿಡಿಯಿತು. ನಾನು ಟವೆಲನ್ನೇ ಸೆರಗಿನಂತೆ ತಲೆಗೆ ಹೊದ್ದು ಅದರ ಅವ್ವನ ದನಿ ತೆಗೆದೆ. "ಜಲ್ದಿ ಉಣ್ಣಪಾ, ನಿಮ್ಮಪ್ಪನಂಗ ಮೂತಿ ಉಬ್ಬಿಸಬ್ಯಾಡ."

ಕೂಸು ನಗುತ್ತ ಬಟ್ಟಲು ಖಾಲಿ ಮಾಡಿತು. ತಿರುಗಿದರೆ ಬಾಗಿಲಲ್ಲಿ ಆ ಅವ್ವನೇ ನಿಂತಿದ್ದರು. ಕೆಲಸ ಹೋಯಿತೆಂದುಕೊಂಡೆ. ಕೆಲಸ ಕಳಕೊಂಡು ಊರಿಗೆ ಮರಳಿದರೆ ನಮ್ಮಪ್ಪ ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. "ತಪ್ಪಾತ್ರಿ ಅಕ್ಕಾರ" ಎಂದೆ. ಗಾಬರಿಯಲ್ಲಿ ಅದೂ ಅವರ ದನಿಯಲ್ಲೇ ಹೊರಟಿತು.

ಅವರು ನಗಲಿಲ್ಲ.

"ನನ್ನ ದನಿ ತಗೊಂಡಿ, ಇರ್ಲಿ. ನನ್ನ ಕೆಲಸಾನೂ ತಗೋ. ಇವತ್ತಿಂದ ಅದರ ಕುಂಡಿ ತೊಳಿಯೂದೂ ನಿಂದ."